ದೋಣಿ ಕಟ್ಟುವ ಜಾಗ

ಕಳೆದ ವಾರ ಕಾಶಿಯ ಅಸ್ಸಿಯಲ್ಲಿ ನನ್ನ ಬಾಡಿಗೆ ಕೋಣೆಯ ಮುಂದಿನ ರಸ್ತೆಗೆ ತೇಪೆ ಹಾಕುತ್ತಿದ್ದರು. ಡ್ರಮ್ಮಿನಲ್ಲಿ ಕಾಯುತ್ತಿದ್ದ ಡಾಂಬರಿನ ವಾಸನೆ, ಕಿಟಕಿ ಮುಚ್ಚಿದರೂ ಒಳಗೆ ಬಂತು. ಕೆಳಗಿನ ಮನೆಯಾಕೆ ಮೂಗಿಗೆ ಸೆರಗು ಹಿಡಿದು ಕೆಲಸದವರನ್ನು ಬೈಯುತ್ತಿದ್ದರು. ನಾನು ಎದ್ದು ಹೋಗಿ ಕಿಟಕಿಯನ್ನು ಮತ್ತೆ ತೆರೆದೆ. ಮೇಜಿನ ಮೇಲೆ ತಿದ್ದಬೇಕಾದ ಹಾಳೆಗಳಿದ್ದವು. ಆ ಮಧ್ಯಾಹ್ನ ಅವು ಹಾಗೆಯೇ ಉಳಿದವು.

ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಾರೆ. ಹಲಗೆಗಳ ಸಂದಿಗೆ ಹತ್ತಿ ತುರುಕಿ ಮೇಲೆ ಬಿಸಿ ಡಾಂಬರು ಬಳಿಯುತ್ತಾರೆ. ಚಾಚಾನ ಕೈಬೆರಳುಗಳು ಆ ತಿಂಗಳುಗಳಲ್ಲಿ ಕಪ್ಪಾಗಿಯೇ ಇರುತ್ತಿದ್ದವು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಅಂಚಿನಲ್ಲಿ ಒಂದು ಗೆರೆ ಉಳಿಯುತ್ತಿತ್ತು...

ಚಾಚಾ, ಅಂದರೆ ಚಿಕ್ಕಪ್ಪ, ಎಂದು ಕರೆದರೂ ಅವರು ನನಗೆ ಸಂಬಂಧಿಯಲ್ಲ. ಕೇದಾರ ಘಾಟಿನ ಪಕ್ಕದ ಒಂದು ಸಣ್ಣ ಘಾಟಿನಲ್ಲಿ ಅವರ ಮೂರು ದೋಣಿಗಳಿದ್ದವು. ನನ್ನ ತಂದೆ ಬಂಗಾಲಿ ಟೋಲಾದಲ್ಲಿ ಕರ್ನಾಟಕದ ಯಾತ್ರಿಕರಿಗಾಗಿ ಇದ್ದ ಛತ್ರವೊಂದರ ಮ್ಯಾನೇಜರಾಗಿದ್ದರು. ಛತ್ರಕ್ಕೆ ಬಂದವರು ದೋಣಿ ಬೇಕೆಂದರೆ ತಂದೆ ಚಾಚಾನ ಹತ್ತಿರವೇ ಕಳಿಸುತ್ತಿದ್ದರು. ಹಾಗೆ ಕಳಿಸಿ ಕಳಿಸಿ, ಗಾಜೀಪುರದ ಕಡೆಯಿಂದ ಎಂದೋ ಬಂದು ನೆಲೆಸಿದ ಅಂಬಿಗರ ಮನೆತನದ ಆ ಮನುಷ್ಯನಿಗೆ ಕನ್ನಡ ಬಂದುಬಿಟ್ಟಿತ್ತು.

ಛತ್ರದಲ್ಲಿ ಖಾಯಂ ಆಗಿ ಉಳಿದಿದ್ದವರು ಕೊನೆಗಾಲವನ್ನು ಕಾಶಿಯಲ್ಲಿ ಕಳೆಯಲೆಂದು ಬಂದ ಅಜ್ಜಿಯರು. ಹೆಚ್ಚಿನವರು ಧಾರವಾಡ, ಹಾವೇರಿ ಕಡೆಯವರು. ಚಾಚಾ ಕಲಿತದ್ದು ಅವರ ಕನ್ನಡ. ಬಿಳಿ ಮೀಸೆಯ, ಅಗಲ ಭುಜದ ಆ ಅಂಬಿಗ ಹುಟ್ಟು ಹಾಕುತ್ತಾ "ಅಯ್ಯ ನನ್ನವ್ವಾ, ಏನ್ ಬಿಸಲಬೇ ಇದು" ಎಂದರೆ ಹೊಸದಾಗಿ ಬಂದ ಯಾತ್ರಿಕರು ಬೆಚ್ಚಿ ಬೀಳುತ್ತಿದ್ದರು.

"ಯಾವೂರಪ್ಪಾ ನಿಂದು?" ಎಂದು ಯಾರಾದರೂ ಕೇಳೇ ಕೇಳುತ್ತಿದ್ದರು.

"ಹಾವೇರಿ ರೀ."

"ಹಾವೇರಿಯೊಳಗ ಎಲ್ಲಿ?"

"ಗಂಗಾ ದಂಡಿಮ್ಯಾಲೆ."

ಅಜ್ಜಿಯರಿಗೆ ಈ ಮಾತು ಎಷ್ಟು ಸಲ ಕೇಳಿದರೂ ಹಳತಾಗುತ್ತಿರಲಿಲ್ಲ. ಏಕಾದಶಿಯ ಬೆಳಿಗ್ಗೆ ಚಾಚಾ ಅವರನ್ನೆಲ್ಲ ದೋಣಿಯಲ್ಲಿ ನದಿಯ ನಡುವಿಗೆ ಕರೆದೊಯ್ಯುತ್ತಿದ್ದರು. ಘಾಟಿನ ನೀರಿಗಿಂತ ಅಲ್ಲಿನ ನೀರು ಶುದ್ಧ ಎಂಬುದು ಅಜ್ಜಿಯರ ನಂಬಿಕೆ. ಒಬ್ಬೊಬ್ಬರನ್ನೂ ಕೈಹಿಡಿದು ಹತ್ತಿಸುವಾಗ "ಹುಷಾರ್ರಿ, ಕಾಲು ಇಲ್ಲಿಡ್ರಿ, ಹಾಂ... ಈಗ ಕುಂಡ್ರರಿ" ಎನ್ನುವ ಅವರ ದನಿ ಛತ್ರದ ಮೇಲ್ಮಾಳಿಗೆಯವರೆಗೂ ಕೇಳುತ್ತಿತ್ತು. ನಾನು ಎಷ್ಟೋ ದಿನ ಎಚ್ಚರಗೊಂಡದ್ದು ಆ ದನಿಗೆ.

ತಾಯಿಯ ನೆನಪು ನನಗಿಲ್ಲ. ನಾನು ಎಂ.ಎ. ಸೇರಿದ ವರ್ಷ ತಂದೆಯೂ ಹೋದರು. ಛತ್ರದವರು ಕೋಣೆಯನ್ನು ಕೂಡಲೇ ಬಿಡಿಸಲಿಲ್ಲ. ಓದು ಮುಗಿಯುವವರೆಗೆ ಇರು ಎಂದರು. ಹೊಸ ಮ್ಯಾನೇಜರ್ ಇಲ್ಲಿಯವರೇ, ಹಿಂದಿ ಮಾತಾಡುವವರು. ಅಜ್ಜಿಯರೂ ಒಬ್ಬೊಬ್ಬರಾಗಿ ಕಡಿಮೆಯಾದರು, ಉಳಿದ ಇಬ್ಬರು ಮೂವರಿಗೆ ಕೂಗಿ ಹೇಳಿದರಷ್ಟೇ ಕೇಳುತ್ತಿತ್ತು. ದಿನವಿಡೀ ನಾನು ಹಿಂದಿಯಲ್ಲಿ ಮಾತಾಡುತ್ತಿದ್ದೆ, ಇಂಗ್ಲಿಷಿನಲ್ಲಿ ಓದುತ್ತಿದ್ದೆ. ಕನ್ನಡದಲ್ಲಿ ನನ್ನನ್ನು ಮಾತಾಡಿಸುವವರು ಚಾಚಾ ಒಬ್ಬರೇ ಉಳಿದರು. ಭಾನುವಾರ ಬೆಳಿಗ್ಗೆ ನಾನು ಘಾಟಿಗೆ ಇಳಿದು ಅವರ ದೋಣಿಯ ಅಂಚಿನಲ್ಲಿ ಕೂರುತ್ತಿದ್ದೆ. "ಉಂಡಿ ಏನವಾ ಬಿಟಿಯಾ?" ಎಂದು ಕೇಳುತ್ತಿದ್ದರು, ಬಿಟಿಯಾ ಎಂದರೆ ಮಗಳೇ ಎಂದು. ಉಂಡಿದ್ದೇನೆ ಎಂದರೆ "ಏನ್ ಮಾಡಿದ್ದಿ?" ಎಂದು ಮುಂದಿನ ಪ್ರಶ್ನೆ. ಅಷ್ಟೇ ಮಾತು. ಆ ಅಷ್ಟು ಮಾತಿಗಾಗಿ ನಾನು ವಾರ ಕಾಯುತ್ತಿದ್ದೆ ಎಂದು ಅವರಿಗೆ ಎಂದೂ ಹೇಳಲಿಲ್ಲ.

ಆ ಚಳಿಗಾಲದಲ್ಲಿ ದೋಣಿಗಳ ಹೊಸ ನಿಯಮ ಬಂತು. ಪ್ರತಿ ದೋಣಿಗೂ ನಂಬರು, ಇಷ್ಟೇ ಜನ ಎಂಬ ಮಿತಿ, ಎಲ್ಲರಿಗೂ ತೇಲುವ ಜಾಕೆಟ್ಟು, ಮತ್ತು ಪ್ರತಿ ದೋಣಿಗೆ ದಡದಲ್ಲಿ ಕಟ್ಟುವ ಗೊತ್ತಾದ ಜಾಗ. ಘಾಟಿನಲ್ಲಿ ಗದ್ದಲವೋ ಗದ್ದಲ. ಅಪ್ಪ, ಅಜ್ಜನ ಕಾಲದಿಂದ ಕಟ್ಟುತ್ತಿರುವ ಜಾಗಕ್ಕೆ ಈಗ ಅರ್ಜಿಯೇ ಎಂದು ಕೆಲವರು ಕೂಗಾಡಿದರು. ಚಾಚಾ ಕೂಗಾಡಲಿಲ್ಲ. ಹೆಚ್ಚು ಜನ ತುಂಬಿಸಿಕೊಂಡು ಮಗುಚಿದ ದೋಣಿಗಳನ್ನು ಅವರು ಕಂಡಿದ್ದರು. ನೀರಿಗೆ ಹಾರಿ ಜನರನ್ನು ಎಳೆದು ತಂದವರಲ್ಲಿ ಅವರೂ ಒಬ್ಬರು. "ನಿಯಮ ಒಳ್ಳೇದ ಐತಿ" ಎಂದರು. ಸರ್ಕಾರದವರ ಜೊತೆ ಹೇಗಿರಬೇಕು ಎಂಬುದಕ್ಕೆ ಅವರಿಗೊಂದು ರೀತಿಯಿತ್ತು. "ನೀರು ಏರಿದಾಗ ಹಗ್ಗ ಬಿಗೀ ಕಟ್ಟಿದ್ರ ದೋಣಿ ಮುಳಗತೈತಿ. ಸ್ವಲ್ಪ ಸಡ್ಲ ಬಿಡಬೇಕು. ಸಾಹೇಬ್ರ ಜೊತಿಗೂ ಹಂಗ." ಪರವಾನಗಿ ಕಚೇರಿಯವರು ಬಂದರೆ ಎಲ್ಲರಿಗಿಂತ ಮೊದಲು ಎದ್ದು, ದೋಣಿಯ ಹಲಗೆ ಒರೆಸಿ ಕೂರಿಸಿ, ಶುಂಠಿ ಚಹಾ ತರಿಸಿ, ಆಮೇಲೆ ತಮ್ಮ ಮಾತು ಹೇಳುತ್ತಿದ್ದರು.

ಅರ್ಜಿ ತುಂಬಲು ಅವರು ನನ್ನ ಹತ್ತಿರ ಬಂದರು. ಬೇರೆಯವರು ಕೋರ್ಟಿನ ಮುಂದೆ ಕೂರುವ ಬರವಣಿಗೆಯವನ ಬಳಿ ಹೋಗಿ ಬರೆಸಿದ್ದರು. ಅವನು ಎಲ್ಲರಿಗೂ ಒಂದೇ ಸಾಲು ಬರೆದಿದ್ದ: ದೋಣಿ ಕಟ್ಟುವ ಜಾಗ, ಇಂಥ ಘಾಟಿನ ದಡ. ನಾನು ಅದನ್ನು ನೋಡಿ ನಕ್ಕಿದ್ದೆ.

"ನಿಮ್ಮ ಜಾಗ ಯಾವುದು ಚಾಚಾ, ಸರಿಯಾಗಿ ಹೇಳಿ" ಎಂದೆ.

"ಈ ಕಡೆ ಪಾನ್ ಭೈಯಾ. ಆ ಕಡೆ ನಮ್ಮಣ್ಣನ ಮಗ. ನಡುವ ನಾ. ಇಷ್ಟ ಬರಿ."

ಪಾನ್ ಭೈಯಾ ಎಂದರೆ ಎಡಗಡೆ ದೋಣಿ ಕಟ್ಟುವವನು, ಬಾಯಲ್ಲಿ ಸದಾ ಪಾನ್ ಇಟ್ಟುಕೊಂಡವನು. ಪಕ್ಕದವರ ಹೆಸರಿನಿಂದ ಜಾಗ ಹೇಳುವುದೇ ಘಾಟಿನ ರೂಢಿ. ಗಂಗೆಯ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಮಳೆಗಾಲದಲ್ಲಿ ಮೆಟ್ಟಿಲುಗಳೆಲ್ಲ ಮುಳುಗಿ ದೋಣಿಗಳು ಮನೆಗಳ ಗೋಡೆಯವರೆಗೂ ಏರುತ್ತವೆ, ಬೇಸಿಗೆಯಲ್ಲಿ ಕೆಸರಿನ ಅಂಚಿಗೆ ಇಳಿಯುತ್ತವೆ. ಇಡೀ ಸಾಲು ಮೇಲೆ ಕೆಳಗೆ, ಅತ್ತ ಇತ್ತ ಸರಿಯುತ್ತಲೇ ಇರುತ್ತದೆ. ಸರಿಯದೆ ಇರುವುದು ಒಂದೇ, ಯಾರ ಪಕ್ಕ ಯಾರು ಎಂಬುದು. ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಹೇಳಿದರೆ ಅಂಬಿಗರ ವಿಳಾಸ ಮುಗಿಯಿತು.

ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಹುಟ್ಟಿದಾಗಿನಿಂದ ನೋಡಿದ್ದೆ. ಆದರೆ ಕಾಗದದ ಮೇಲೆ ಅದು ಉತ್ತರವಾಗಿ ಕಾಣಲಿಲ್ಲ. ನಾನು ಭೂಗೋಳ ಓದುತ್ತಿದ್ದವಳು. ಪಕ್ಕದವರು ನಾಳೆ ದೋಣಿ ಮಾರಿದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಅವರ ಮಕ್ಕಳು ಕಟ್ತಾರ."

"ಕಚೇರಿಯಲ್ಲಿ ಅದು ನಡೆಯಲ್ಲ ಚಾಚಾ. ಅಳತೆ ಬೇಕು."

ಹೊಲಿಗೆಯ ಟೇಪು ತಂದು ಅಳೆದೆ. ಇನ್ನೊಂದು ತುದಿ ಹಿಡಿಯಲು ಪಾನ್ ಭೈಯಾನನ್ನು ಕರೆದೆ. "ಘಾಟಿಗೆ ಕುರ್ತಾ ಹೊಲಿಸ್ತೀಯಾ ಬಿಟಿಯಾ? ತೋಳು ಉದ್ದ ಇಡು, ಚಳಿ ಇದೆ" ಎಂದು ಅವನು ಹಿಂದಿಯಲ್ಲಿ ಛೇಡಿಸಿದ. ಎಲ್ಲರೂ ನಕ್ಕರು. ಚಾಚಾ ಕೂಡ ನಕ್ಕು, "ಗಂಗಾ ಮೈಯಾ ಸಾಲಿ ಕಲ್ತಿಲ್ಲವಾ, ಆಕಿಗೆ ಮೆಟ್ಟಲಾ ಎಣಿಸಾಕ ಬರಂಗಿಲ್ಲ" ಎಂದರು. ನಾನು ಬಿಡಲಿಲ್ಲ. ಘಾಟಿನ ಮೇಲಿನ ಗುಡಿಯ ಮೂಲೆಯಿಂದ ಉತ್ತರಕ್ಕೆ ಎಷ್ಟು ಅಡಿ, ಕೆಳಗಿನ ಕಟ್ಟೆಯಿಂದ ಎಷ್ಟನೆಯ ಮೆಟ್ಟಿಲು, ಹಗ್ಗ ಕಟ್ಟುವುದು ಯಾವ ಕಬ್ಬಿಣದ ಬಳೆಗೆ, ಎಲ್ಲವನ್ನೂ ಬರೆದೆ. ಹಿಂದೆ ಒಂದು ನಕ್ಷೆಯನ್ನೂ ಲಗತ್ತಿಸಿದೆ, ದಿಕ್ಕಿನ ಬಾಣದ ಗುರುತು ಹಾಕಿ. ಚಾಚಾ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ಬೆಳಿಗ್ಗೆ ದೋಣಿಯ ಒಂದು ಬಿರುಕಿಗೆ ಬಳಿದಿದ್ದ ಡಾಂಬರು ತಾಗದಂತೆ, ಅಂಗೈಯಿಂದಲೇ ಒತ್ತಿ ಮಡಚಿದರು.

ಪರಿಶೀಲನೆಗೆ ಬಂದ ಸಾಹೇಬರು ನಡುವಯಸ್ಸಿನವರು, ತಾಳ್ಮೆಯವರು. ದೋಣಿ ಅಲುಗಾಡಿದರೆ ಹೆದರಿ ಪಕ್ಕದವರ ಮೊಣಕಾಲು ಹಿಡಿಯುತ್ತಿದ್ದರು. ಅರ್ಜಿಗಳನ್ನು ಒಂದೊಂದಾಗಿ ನೋಡುತ್ತಾ ಬಂದವರು ನಾನು ಬರೆದದ್ದು ಸಿಕ್ಕಾಗ ನಿಂತರು. ಎರಡೂ ಪುಟ ಓದಿ, ನಕ್ಷೆಯನ್ನು ಎತ್ತಿ ಹಿಡಿದು, "ನೋಡಿ, ಅರ್ಜಿ ಎಂದರೆ ಹೀಗಿರಬೇಕು" ಎಂದು ಎಲ್ಲರಿಗೂ ತೋರಿಸಿದರು. ಚಾಚಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಅಂದು ಸಂಜೆ ಘಾಟಿನಲ್ಲಿ ಸಿಕ್ಕಿದವರಿಗೆಲ್ಲ, ಬೇಡವೆಂದರೂ ಕೇಳದೆ, ಬಿಟಿಯಾ ಬರೆದ ಅರ್ಜಿಯ ಕತೆ ಹೇಳಿದರು. ನನಗೆ ಸಂಕೋಚವಾಯಿತು. ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ತಂದೆ ಹೋದ ಮೇಲೆ ನನ್ನ ಬಗ್ಗೆ ಯಾರಾದರೂ ಹಾಗೆ ಹೇಳಿಕೊಂಡು ತಿರುಗಿದ್ದು ಅದೇ ಮೊದಲು.

ಮುಂದಿನ ಮಳೆಗಾಲ ಕಳೆದು ನೀರು ಇಳಿದ ಮೇಲೆ ನಮ್ಮ ಘಾಟಿಗೆ ಜೆಟ್ಟಿ, ಅಂದರೆ ನೀರಿನ ಮೇಲೆ ತೇಲುವ ಕಟ್ಟೆ, ಬಂತು. ದೊಡ್ಡ ಮೋಟಾರು ದೋಣಿಗಳಿಗೆ ಜನ ಹತ್ತಲು ಅನುಕೂಲವಾಗಲೆಂದು ತಂದದ್ದು. ಘಾಟಿನಲ್ಲಿ ನೀರು ಆಳವಿರುವ ಜಾಗ ಒಂದೇ, ಅಲ್ಲಿಯೇ ಕಟ್ಟಿದರು. ಅದು ಚಾಚಾನ ಜಾಗವಾಗಿತ್ತು.

ಯಾರಿಗೂ ಇದು ದೊಡ್ಡ ವಿಷಯವೆನಿಸಲಿಲ್ಲ. ಸಾಲು ಎಷ್ಟೋ ಸಲ ಸರಿದಿದೆ, ಇನ್ನೊಮ್ಮೆ ಸರಿಯುತ್ತದೆ, ಅಷ್ಟೇ. ಪಾನ್ ಭೈಯಾ ಎಡಕ್ಕೆ ಸರಿದ. ಚಾಚಾನ ಅಣ್ಣನ ಮಗ ಬಲಕ್ಕೆ ಸರಿದ. ಅವರ ಕಾಗದಗಳಲ್ಲಿ ಘಾಟಿನ ದಡ ಎಂದಷ್ಟೇ ಇತ್ತು, ದಡದಲ್ಲಿ ಎಲ್ಲಿ ಕಟ್ಟಿದರೂ ತಪ್ಪಾಗುತ್ತಿರಲಿಲ್ಲ. ಚಾಚಾ ಮಾತ್ರ ಎಲ್ಲಿ ಕಟ್ಟಿದರೂ ತಪ್ಪಾಯಿತು. ಕಾವಲಿನವರು ಬಂದು ಕಾಗದ ನೋಡುವರು, ನಿನ್ನ ಜಾಗ ಇದಲ್ಲ ಎನ್ನುವರು. ಮೂರು ಸಲ ಹಗ್ಗ ಬಿಚ್ಚಿಸಿದ ಮೇಲೆ ಚಾಚಾ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದರು. ಒಗೆದ ಅಂಗಿ ಹಾಕಿಕೊಂಡಿದ್ದರು.

ಕಾಗದದ ವಿಷಯ ಮಾತಾಡುವವರು ಒಬ್ಬರೇ ಒಳಗೆ ಬರಲಿ ಎಂದು ಬಾಗಿಲಲ್ಲಿದ್ದವನು ಹೇಳಿದ. ಚಾಚಾ "ನೀ ಹೋಗವಾ, ನಿನ್ನ ಮಾತು ತಿಳೀತೈತಿ ಅವ್ರಿಗೆ" ಎಂದು ಹೊರಗಿನ ಬೆಂಚಿನಲ್ಲಿ ಕುಳಿತರು.

ಅದೇ ಸಾಹೇಬರು. ನನ್ನನ್ನು ಗುರುತಿಸಿದರು. ರಿಜಿಸ್ಟರು ತೆಗೆದು ನನ್ನದೇ ನಕ್ಷೆಯನ್ನು ನನ್ನ ಮುಂದಿಟ್ಟರು. ದನಿ ತಗ್ಗಿಸಿ ಹೇಳಿದರು: "ಮಗಳೇ, ಇಷ್ಟು ಸರಿಯಾಗಿ ಬರೆಯದೆ ಇದ್ದಿದ್ದರೆ ನಾನೇ ಏನಾದರೂ ಮಾಡುತ್ತಿದ್ದೆ. ಉಳಿದವರನ್ನು ಹೊಂದಿಸಿದೆನಲ್ಲ. ಇದರಲ್ಲಿ ಮೆಟ್ಟಿಲು ಕೂಡ ನಮೂದಾಗಿದೆ. ಆ ಜಾಗ ಈಗ ಇಲ್ಲ. ಬೇರೆ ಜಾಗವೆಂದರೆ ಹೊಸ ಅರ್ಜಿ, ಈ ಘಾಟಿಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ."

ಎಡ, ಬಲ ಎಂದು ಬರೆದಿದ್ದರೆ ನಡೆಯುತ್ತಿತ್ತೇ ಎಂದು ಕೇಳಿದೆ. ಅವರು ಯೋಚಿಸಿ, "ನಡೆಯುತ್ತಿತ್ತು" ಎಂದರು. ನಾನು ಕೇಳಬಾರದಿತ್ತು.

ಹೊರಗೆ ಬಂದೆ. ಚಾಚಾ ಎದ್ದು ನಿಂತು ಮುಖ ನೋಡಿದರು.

"ಏನಂದ್ರು?"

"ಜೆಟ್ಟಿ ಬಂದಿದೆಯಲ್ಲ... ಆಗಲ್ಲವಂತೆ."

"ಹಂಗಾರ ಆತು" ಎಂದರು. ಮೆಟ್ಟಿಲಿಳಿಯುವಾಗ, ನನ್ನನ್ನು ಸಮಾಧಾನಪಡಿಸಲೆಂದು ಇರಬೇಕು, "ನೀ ಬರದಿದ್ದು ಭಾಳ ಚಲೋ ಇತ್ತು. ಸಾಹೇಬ್ರ ಹೇಳಿದ್ರಲ್ಲ" ಎಂದರು. ನಾನು ಒಂದು ಮೆಟ್ಟಿಲು ಮುಂದೆ ಇಳಿದೆ. ಅಲ್ಲಿ, ಆ ಮೂರು ನಾಲ್ಕು ಮೆಟ್ಟಿಲುಗಳಲ್ಲಿ, ನಿಜ ಹೇಳಬಹುದಿತ್ತು.

ಹೊಸ ಅರ್ಜಿಯ ಮೇಲೆ ಕಚೇರಿಯವರು ಅವರಿಗೆ ಕೊಟ್ಟ ಜಾಗ ಅಸ್ಸಿಯನ್ನೂ ದಾಟಿ ದಕ್ಷಿಣಕ್ಕೆ, ಊರು ಮುಗಿಯುವ ಕಡೆ. ಮೆಟ್ಟಿಲುಗಳಿಲ್ಲ, ಬರೀ ಮಣ್ಣಿನ ದಡ. ಪಕ್ಕದಲ್ಲಿ ಬೇರೆ ದೋಣಿಯಿಲ್ಲ. ಯಾತ್ರಿಕರು ಅಲ್ಲಿಗೆ ಯಾಕೆ ಬರುತ್ತಾರೆ? ಛತ್ರದ ಅಜ್ಜಿಯರು ಗಲ್ಲಿಯಿಂದ ಘಾಟಿಗೆ ಇಳಿಯುವಷ್ಟು ಮಾತ್ರ ಶಕ್ತರು. ಏಕಾದಶಿಯ ದೋಣಿ ನಿಂತುಹೋಯಿತು. ಹಾವೇರಿ ಕಡೆಯ ಒಬ್ಬ ಅಜ್ಜಿ ಬೆಳಿಗ್ಗೆ ಮೇಲ್ಮಾಳಿಗೆಯ ಕಂಬಿ ಹಿಡಿದು, "ನಮ್ಮ ದೋಣಿಯಾಂವ ಯಾಕ ಒದರವಲ್ಲ ಇವತ್ತ?" ಎಂದು ಕೇಳುತ್ತಿದ್ದರು. ಹೇಳಿದರೆ ಮರೆಯುತ್ತಿದ್ದರು, ಮರುದಿನ ಮತ್ತೆ ಕೇಳುತ್ತಿದ್ದರು. ಒಂದೊಂದು ಸಲವೂ ನಾನು ಜೆಟ್ಟಿ ಬಂತು ಎಂದೇ ಹೇಳಿದೆ.

ಓದು ಮುಗಿದು ನಾನು ಅಸ್ಸಿಗೆ ಬಂದೆ. ಈಗ ಚಾಚಾ ಇರುವ ಜಾಗ ನನಗೆ ಮೊದಲಿಗಿಂತ ಹತ್ತಿರವೇ ಆಯಿತು, ಆಟೋ ಕೂಡ ಬೇಡ. ಆದರೆ ಹೋಗುವುದು ಕಡಿಮೆಯಾಯಿತು. ಪ್ರತಿ ಭಾನುವಾರ ಎಂಬುದು ತಿಂಗಳಿಗೊಮ್ಮೆ ಎಂದಾಯಿತು, ಆಮೇಲೆ ಹಬ್ಬಕ್ಕೊಮ್ಮೆ ಎಂದಾಯಿತು. ಕೆಲಸವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಇತ್ತು, ನಿಜ...

ಕೊನೆಯ ಸಲ ಹೋದಾಗ ಎರಡು ದೋಣಿಗಳನ್ನು ಕೊಟ್ಟುಬಿಟ್ಟಿದ್ದರು. ಉಳಿದ ಒಂದರಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಉಂಡಿ ಏನವಾ ಎಂದು ಕೇಳಲಿಲ್ಲ. "ಏನಾರ ಮಾತಾಡು" ಎಂದರು. "ಇಲ್ಲಿ ಕನ್ನಡ ಕೇಳಿ ಭಾಳ ದಿನ ಆತು."

ನನಗೆ ತಿಳಿಯಿತು, ಈ ಪಟ್ಟಣದಲ್ಲಿ ಆ ಮಾತಿಗಾಗಿ ಕಾಯುತ್ತಿದ್ದವಳು ನಾನೊಬ್ಬಳೇ ಆಗಿರಲಿಲ್ಲ. ಅರ್ಜಿಯ ವಿಷಯ ಹೇಳಬೇಕೆಂದೇ ಹೋಗಿದ್ದೆ ಅಂದು. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಆದರೆ ಕುಳಿತವಳು ಮಾತಾಡಿದ್ದು ಅಕ್ಕಿಯ ಬಗ್ಗೆ, ಮನೆಯೊಡತಿಯ ಬಗ್ಗೆ, ತಂದೆ ಚಿತ್ರಾನ್ನ ಮಾಡುತ್ತಿದ್ದ ರೀತಿಯ ಬಗ್ಗೆ. ಅವರು ಕಣ್ಣು ಮುಚ್ಚಿ ಕೇಳಿದರು. ನಡುನಡುವೆ "ಹೌದ?" ಎಂದರು.

ಆ ಚಳಿಯಲ್ಲೇ ಅವರು ಹೋದರು. ನನಗೆ ಯಾರೂ ತಿಳಿಸಲಿಲ್ಲ, ತಿಳಿಸಲು ನಾನು ಯಾರು? ಅವರನ್ನು ಅವರ ದೋಣಿಯಲ್ಲೇ ದಹನಕ್ಕೆ ಹರಿಶ್ಚಂದ್ರ ಘಾಟಿಗೆ ತಂದರಂತೆ. ಆ ದೋಣಿ ಅಸ್ಸಿಯ ಮುಂದೆಯೇ ಹಾದು ಹೋಗಿರಬೇಕು. ನಾನು ಗ್ರಂಥಾಲಯದಲ್ಲಿದ್ದೆ. ಹದಿನೈದು ದಿನಗಳ ನಂತರ, ಅಸ್ಸಿಯ ಚಹಾ ಅಂಗಡಿಯಲ್ಲಿ, ಬೇರೆ ಯಾರದೋ ಮಾತಿನ ನಡುವೆ ಗೊತ್ತಾಯಿತು. ಚಹಾ ತಣ್ಣಗಾಯಿತು, ಅಂಗಡಿಯವನು ಇನ್ನೊಂದು ಕೊಡಲೇ ಎಂದು ಕೇಳಿದ.

ರಸ್ತೆಗೆ ಡಾಂಬರು ಹಾಕಿದ ಮೂರನೆಯ ದಿನ, ಅಂದರೆ ಮೊನ್ನೆ, ಪಾನ್ ಭೈಯಾ ನನ್ನ ಕೋಣೆಯನ್ನು ಹುಡುಕಿಕೊಂಡು ಬಂದ. ಪರವಾನಗಿ ನವೀಕರಣವಂತೆ, ಹೊಸ ಫಾರಂ. ಬಾಗಿಲಲ್ಲೇ ಪಾನ್ ಉಗಿದು, ಬಾಯಿ ತೊಳೆದು ಒಳಗೆ ಬಂದ.

"ಚಾಚಾದು ಬರೆದಿದ್ದೆಯಲ್ಲ, ಹಾಗೇ ಬರೆದುಕೊಡು ಬಿಟಿಯಾ" ಎಂದ, ಹಿಂದಿಯಲ್ಲಿ. "ಅಳತೆ, ನಕ್ಷೆ ಎಲ್ಲ. ಕೊನೆಯವರೆಗೂ ಹೇಳುತ್ತಿದ್ದರು, ಅಂಥ ಅರ್ಜಿ ಬನಾರಸಿನಲ್ಲೇ ಇನ್ನೊಂದಿಲ್ಲ ಎಂದು."

ಅಳತೆ ಬೇಡ ಭೈಯಾ ಎಂದೆ. ಅವನಿಗೆ ಬೇಸರವಾಯಿತು. "ಅವರಿಗಾದರೆ ಬರೆಯುತ್ತೀ, ನನಗೆ ಬೇಡವೇ?" ಎಂದ. ಆಗ ಹೇಳಿದೆ. ರಿಜಿಸ್ಟರಿನಲ್ಲಿ ಏನಿತ್ತು, ಸಾಹೇಬರು ಏನೆಂದರು, ಉಳಿದವರ ಜಾಗ ಯಾಕೆ ಉಳಿಯಿತು, ಚಾಚಾನ ಜಾಗ ಯಾಕೆ ಹೋಯಿತು. ಎರಡೇ ನಿಮಿಷದ ಮಾತು. ಇಷ್ಟು ವರ್ಷ ಕನ್ನಡದಲ್ಲಿ ಜೋಡಿಸಿಟ್ಟುಕೊಂಡಿದ್ದು ಹಿಂದಿಯಲ್ಲಿ ಹೊರಬಂತು, ಬೇರೆಯವರ ಮುಂದೆ.

ಅವನು ಫಾರಂ ಮೇಲೆ ಕೈಯಿಟ್ಟ.

"ಚಾಚಾಗೆ ಹೇಳಿದ್ದೆಯಾ?"

"ಇಲ್ಲ."

ಅವನು ಫಾರಂ ತೆಗೆದುಕೊಂಡು ಎದ್ದುಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಫಾರಂ ಅನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. "ಹೇಗೆ ಬರೆಯಬೇಕೋ ಹಾಗೆ ಬರಿ" ಎಂದ.

ದೋಣಿ ಕಟ್ಟುವ ಜಾಗ ಎಂಬಲ್ಲಿ, ಎಡಗಡೆ ಯಾರು ಎಂದು ಕೇಳಿದೆ. ಹೆಸರು ಹೇಳಿದ, ಬರೆದೆ. ಬಲಗಡೆ ಯಾರು ಎಂದೆ. ರೂಢಿಯಿಂದ ಅವನ ಬಾಯಿ ತೆರೆಯಿತು. ಚಾಚಾನ ಹೆಸರಿನ ಮೊದಲ ಅಕ್ಷರ ತುಟಿಗೆ ಬಂದು ನಿಂತಿತು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, "ಜೆಟ್ಟಿ ಎಂದು ಬರಿ" ಎಂದ.

ಬರೆದೆ.